ಆಳಂದದ ಬಂಡೆಯ ಮೇಲಿನ ತಗಡು

ನಂಬದವರು ಇಲ್ಲೇ ಪುಟ ಮಗುಚಿಬಿಡಿ. ಇದು ನಡೆದದ್ದು, ನಾನೇ ಅಲ್ಲಿದ್ದೆ. ನೆನೆದರೆ ಈಗಲೂ ಹೆದರಿಕೆಗಿಂತ ಮೊದಲು ಸಿಟ್ಟು ನೆತ್ತಿಗೇರುತ್ತದೆ.

ತೊಂಬತ್ತರ ದಶಕ. ಆಳಂದದ ಕಪ್ಪು ಬಂಡೆಗಳೆಲ್ಲ ಒಂದು ಕಾಲದ ಲಾವಾ. ಅದು ಹೇಗೆ ಹರಿದು ಹೆಪ್ಪುಗಟ್ಟಿತೆಂದು ಉಪಗ್ರಹದ ರಾಡಾರ್‌ನಿಂದ ತಿಳಿಯುವ ಕೆಲಸ ನಮ್ಮದು. ಗುರುತಿಗೆಂದು ಬಂಡೆಗಳ ಮೇಲೆ ಆಳೆತ್ತರದ ಮುಮ್ಮೂಲೆ ತಗಡುಗಳನ್ನು ನಿಲ್ಲಿಸುತ್ತಿದ್ದೆವು. ರಾಡಾರ್ ಅಲೆ ಅವಕ್ಕೆ ಬಡಿದು ಮರಳುವುದರಿಂದ ಚಿತ್ರದಲ್ಲಿ ಅವು ಬಿಳಿ ಚುಕ್ಕೆಗಳಾಗಿ ಮೂಡುತ್ತವೆ. ದೂರದ ಒಂದು ತಗಡಿಗೆ ಅದೇ ಊರಿನ ಶರಣಪ್ಪ ಕಾವಲು.

ಆ ರಾತ್ರಿ ಉಪಗ್ರಹ ಹಾಯುವ ಸ್ವಲ್ಪ ಮೊದಲು ಅವನು ಏದುಸಿರು ಬಿಡುತ್ತ ನನ್ನ ಬಿಡಾರಕ್ಕೆ ಓಡಿಬಂದ.

"ಸಾಹೇಬ್ರ, ತಗಡ ಕಾಣವಲ್ದು... ಖರೇ ಹೇಳಾಕತ್ತೇನಿ, ನಾ ಕಣ್ಣ ಮುಚ್ಚಿಲ್ರಿ!"

ಇಬ್ಬರೂ ಹೋದೆವು. ಟಾರ್ಚ್ ಬಿಟ್ಟೆ. ಬರೀ ಬಂಡೆ. ಬೈಯಲು ಬಾಯಿ ತೆರೆದೆ...

ಟಣ್.

ಗಾಳಿಗೆ ತಗಡು ಅದುರುವ ಸದ್ದು, ಆ ಖಾಲಿ ಜಾಗದಿಂದಲೇ! ತುಕ್ಕಿನ ವಾಸನೆ ಮೂಗಿಗೆ ಬಡಿಯಿತು.

"ಕೇಳಾಕತ್ತದಿಲ್ರಿ?" ಶರಣಪ್ಪ ಪಿಸುಗುಟ್ಟಿದ.

ಕೈ ಚಾಚಿದೆ. ಏನೂ ಇಲ್ಲದ ಕಡೆ ತಣ್ಣನೆಯ ಅಂಚೊಂದು ನನ್ನ ಅಂಗೈ ಕೊಯ್ದಿತು. ಇಬ್ಬರೂ ಎದ್ದೆವೋ ಬಿದ್ದೆವೋ ಎಂದು ಓಡಿದೆವು.

ನಮ್ಮ ಮುಖ್ಯಸ್ಥ, ರಾತ್ರಿಯಿಡೀ ಲಾಡ್ಜಿನಲ್ಲಿ ಗೊರಕೆ ಹೊಡೆದ ಪುಣ್ಯಾತ್ಮ, ಬೆಳಿಗ್ಗೆ ಬಂದವನೇ ಊರವರೆದುರು ಶರಣಪ್ಪನ ಕೊರಳಪಟ್ಟಿ ಹಿಡಿದು "ಕಳ್ಳ!" ಎಂದ. ನಾನು ನಡೆದದ್ದೆಲ್ಲ ಹೇಳಿ ಅಂಗೈ ತೋರಿಸಿದೆ.

"ಎಷ್ಟು ಕುಡಿದಿದ್ದೆ?" ಎಂದು ನನ್ನ ಮೇಲೆಯೇ ಹರಿಹಾಯ್ದ.

ಅಂಗಿ ಹರಿದ ಶರಣಪ್ಪ ಅಳುತ್ತಿದ್ದ. "ನಮ್ಮ ಮನಿತನದಾಗ ಯಾರೂ ಮಂದಿದು ಹುಲ್ಲಕಡ್ಡಿ ಮುಟ್ಟಿಲ್ರಿ."

ಕೆಲವು ತಿಂಗಳ ಮೇಲೆ ಆ ರಾತ್ರಿಯ ಚಿತ್ರ ಬಂತು. ತಗಡಿಲ್ಲದ ಜಾಗದಲ್ಲಿ ಬಿಳಿ ಚುಕ್ಕೆ... ಉಳಿದೆಲ್ಲ ಚುಕ್ಕೆಗಳಿಗಿಂತ ಪ್ರಖರ! ಅಂತೂ ಶರಣಪ್ಪನ ಹೆಸರು ಉಳಿಯಿತು ಎಂದುಕೊಂಡೆ.

ಮುಖ್ಯಸ್ಥ ನಕ್ಕ. "ನೋಡಿದೆಯಾ? ಉಪಗ್ರಹ ಹಾಯುವಾಗ ತಗಡು ಅಲ್ಲೇ ಇತ್ತು. ಆಮೇಲೆ ಕದ್ದಿದ್ದಾನೆ."

ಥೂ, ಅವನ ವಿದ್ಯೆಗಿಷ್ಟು! ಮೈಯೆಲ್ಲ ಉರಿದುಹೋಯಿತು. ಬಸ್ಸು ಹತ್ತಿ ಆಳಂದಕ್ಕೆ ಹೋದೆ. ಕತ್ತಲಾಗುತ್ತಿತ್ತು. ಶರಣಪ್ಪ ಕಂಬಳಿ ಹೊದ್ದು ಅದೇ ಬಂಡೆಯ ಮೇಲೆ ಕುಳಿತಿದ್ದ.

ನಾನು ಜೇವರ್ಗಿಯವನು, ಸಿಟ್ಟು ಬಂದರೆ ಊರಿನ ಮಾತೇ ಬರುತ್ತದೆ. "ಇಲ್ಲೇನ್ ಮಾಡಾಕತ್ತಿ ಲೇ?"

"ಕಾಯಾಕತ್ತೇನ್ರಿ. ದಿನಾ ಸಪ್ಪಳ ಬರ್ತದ, ಕೈಗಿ ಸಿಗವಲ್ದು. ಸಿಕ್ಕಿದ ದಿನ ಊರ ಮುಂದ ಹೊತ್ತೊಯ್ದು ಒಗೀತೇನಿ. ಅಲ್ಲೀತನ ಮನಿಗಿ ಹ್ಯಾಂಗ ಹೋಗ್ಲಿ? ನನ್ನ ಮಕ್ಕಳಿಗಿ ಕಳ್ಳನ ಮಕ್ಕಳು ಅಂತಾರ್ರೀ..."

ಅವನ ಪಕ್ಕದಲ್ಲಿ ಕುಳಿತೆ. ಬೆಳಗಾಗುವವರೆಗೂ ಆ ಖಾಲಿ ಜಾಗಕ್ಕೆ ಬೆನ್ನು ತಿರುಗಿಸುವ ಧೈರ್ಯ ನಮ್ಮಿಬ್ಬರಿಗೂ ಬರಲಿಲ್ಲ.