ಕೆಂಪು ಕೋಟಿನ ಅವ್ವ

ಕ್ರಿಸ್‌ಮಸ್ ಸಿನಿಮಾಗಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಈಗಲೂ ಡಿಸೆಂಬರ್ ಬಂದು ಟೀವಿಯಲ್ಲಿ ಹಿಮ ಉದುರಲು ಶುರುವಾದರೆ ಒಂದು ಚೂರು ಉರಿಯುತ್ತದೆ. ಸುಳ್ಳು ಯಾಕೆ ಹೇಳಲಿ.

ಆ ಸಿನಿಮಾಗಳ ಮನೆಗಳನ್ನು ನೋಡಿ. ಒಂದು ಮನೆಯಲ್ಲೂ ಪಾತ್ರೆ ತೊಳೆಯುವವರು ಕಾಣಿಸುವುದಿಲ್ಲ. ಅಷ್ಟೆತ್ತರದ ಮರವನ್ನು ನಡುಮನೆಯೊಳಕ್ಕೆ ತಂದು ನಿಲ್ಲಿಸುತ್ತಾರೆ, ಅದರ ಕಸ ಗುಡಿಸುವವರು ಯಾರೋ ಗೊತ್ತಿಲ್ಲ. ತಾಯಂದಿರು ಮಾತ್ರ ನೀಟಾಗಿ ತಲೆ ಬಾಚಿಕೊಂಡು, ತುಟಿಗೆ ಬಣ್ಣ ಹಚ್ಚಿಕೊಂಡು, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಿಟಕಿಯಾಚೆ ನೋಡುತ್ತಿರುತ್ತಾರೆ. ಮಗು ಒಂದು ಸಲ "ಮಮ್ಮಿ" ಅಂದರೆ ಸಾಕು, ಕೈಯಲ್ಲಿರುವ ಕೆಲಸವನ್ನು ಅಲ್ಲೇ ಬಿಟ್ಟು ಓಡಿ ಬಂದು ತಬ್ಬಿಕೊಳ್ಳುತ್ತಾರೆ. ನನ್ನ ಕೈಯಲ್ಲಿದ್ದ ಕೆಲಸ ಹಾಗೆ ಬಿಟ್ಟು ಓಡುವಂಥದ್ದಾಗಿರಲಿಲ್ಲ. ನಾನು ರೇಷ್ಮೆ ಹುಳು ಸಾಕುವವಳು.

ನಮ್ಮದು ಚನ್ನಪಟ್ಟಣದ ಹತ್ತಿರ ಹೊಂಗನೂರು. ಮನೆ ಹಿಂದೆ ಹಿಪ್ಪುನೇರಳೆ ತೋಟ, ಮನೆಯ ಅರ್ಧ ಭಾಗ ಹುಳುವಿಗೆ, ಇನ್ನರ್ಧ ನಮಗೆ. ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಮೇವು ಬಿಟ್ಟು, ತಲೆಯೆತ್ತಿ ಸುಮ್ಮನೆ ಕೂತು ಪೊರೆ ಕಳಚುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತೇವೆ. ನಾಲ್ಕನೇ ಜ್ವರ ಬಿಟ್ಟಿತೋ, ಅಲ್ಲಿಂದ ಏಳೆಂಟು ದಿನ ಆ ಹುಳುವಿನ ಹಸಿವಿಗೆ ಕೊನೆಯೆಂಬುದಿಲ್ಲ. ಸೊಪ್ಪು ಕುಯ್ಯುವುದು, ಹೊರುವುದು, ಹಾಕುವುದು, ಹಿಕ್ಕೆ ತೆಗೆಯುವುದು, ಮತ್ತೆ ಸೊಪ್ಪು ಕುಯ್ಯುವುದು. ಹೊರಗಿನವರನ್ನು ಒಳಗೆ ಬಿಡುವಂತಿಲ್ಲ, ಘಾಟಿನ ಒಗ್ಗರಣೆ ಹಾಕುವಂತಿಲ್ಲ, ಮುಖಕ್ಕೆ ವಾಸನೆಯ ಪೌಡರ್ ಹಚ್ಚುವಂತಿಲ್ಲ. ಡಿಸೆಂಬರ್ ಚಳಿಯಲ್ಲಿ ಹುಳುವಿನ ಕೋಣೆಗೆ ಇದ್ದಿಲ ಒಲೆ ಇಡುತ್ತಿದ್ದೆವು. ನನ್ನ ಮಗಳು ಗೋಡೆಯ ಈಚೆ ಕಂಬಳಿಯಲ್ಲಿ ಮುದುರಿಕೊಂಡು, "ನಾನೂ ಹುಳ ಆಗಿದ್ರೆ ಚೆನ್ನಾಗಿತ್ತು ಕಣವ್ವ" ಅನ್ನುತ್ತಿದ್ದಳು.

ಅವಳನ್ನು ಚನ್ನಪಟ್ಟಣದ ಒಂದು ಕಾನ್ವೆಂಟಿಗೆ ಹಾಕಿದ್ದೆವು. ಊರ ಸರ್ಕಾರಿ ಸ್ಕೂಲಿಗೆ ಕ್ರಿಸ್‌ಮಸ್ ಅಂದರೆ ಒಂದು ದಿನ ರಜ, ಕಾನ್ವೆಂಟಿಗೆ ಹತ್ತು ದಿನ. ಆ ಹತ್ತು ದಿನ ಸರಿಯಾಗಿ ನಮ್ಮ ಹುಳು ಹಸಿದು ಕೂತಿರುವ ದಿನಗಳೇ ಆಗಿರುತ್ತಿದ್ದವು. ಮಗು ಮನೆಯಲ್ಲಿದ್ದರೆ ಅದಕ್ಕೂ ಬೇಜಾರು, ನನಗೂ ಕಾಲಿಗೆ ತೊಡರು. ಹಾಗಾಗಿ ಅವಳನ್ನು ನನ್ನ ವಾರಗಿತ್ತಿಯ ಮನೆಗೆ ಕಳಿಸುವುದು ರೂಢಿಯಾಯಿತು. ಕಳಿಸಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ನನ್ನ ಮೈದುನನಿಗೆ ಬಿಡದಿ ಕಡೆ ಕಾರು ಮಾಡುವ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತ್ತು. ಆಗ ಆ ಕಡೆ ವರ್ಷಕ್ಕೊಂದಿಷ್ಟು ರಾಗಿ ಹೊಲ ಶೆಡ್ಡಾಗುತ್ತಿತ್ತು, ಹೊಲ ಕೊಟ್ಟವರು ಸಾಲುಮನೆ ಕಟ್ಟಿ ಬಾಡಿಗೆಗೆ ಬಿಡುತ್ತಿದ್ದರು. ಬೈರಮಂಗಲ ಕ್ರಾಸ್ ಹತ್ತಿರ ಅಂಥದ್ದೊಂದು ಮನೆಯಲ್ಲಿ ಅವರಿಬ್ಬರು. ಗಂಡ ಶಿಫ್ಟಿಗೆ ಹೋದರೆ ವಾರಗಿತ್ತಿಗೆ ಬೇರೆ ಕೆಲಸವಿಲ್ಲ. ಕೈಗೆ ಮಣ್ಣಿಲ್ಲ, ಉಗುರಿಗೆ ಬಣ್ಣ. ಕಲರ್ ಟೀವಿ, ಅದಕ್ಕೆ ಕೇಬಲ್. ನಮ್ಮ ಮನೆಯಲ್ಲೂ ಒಂದು ಟೀವಿ ಇತ್ತು. ಆಂಟೆನಾ ತಿರುಗಿಸಿದರೆ ವಾರ್ತೆ ಬರುತ್ತಿತ್ತು. ಎಲ್ಲಕ್ಕಿಂತ ದೊಡ್ಡದು, ಅವಳು ಪಿಯುಸಿ ಪಾಸು. ನಾನು ಹತ್ತನೇ ಕ್ಲಾಸಿನಲ್ಲಿ ಇಂಗ್ಲಿಷಿಗೇ ಢುಮ್ಕಿ ಹೊಡೆದವಳು.

ಮೊದಲನೇ ವರ್ಷ ಮಗಳು ವಾಪಸ್ ಬಂದಾಗ ಅವಳ ಬಾಯಲ್ಲಿ ಹಿಮ ಬಿಟ್ಟು ಬೇರೆ ಮಾತಿಲ್ಲ. ಗಡ್ಡದ ತಾತ, ಗಂಟೆ ಕಟ್ಟಿದ ಗಾಡಿ, ಚಿಮಣಿ, ಮರದ ಕೆಳಗಿನ ಡಬ್ಬಿಗಳು. "ಚಿಕ್ಕವ್ವ ಎಲ್ಲಾನೂ ಕನ್ನಡದಾಗೆ ಯೋಳ್ತದೆ. ಅವ್ರು ಮಾತಾಡ್ತಾ ಇದ್ದಂಗೇ ಯೋಳ್ತದೆ" ಅಂದಳು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಬಚ್ಚಲಿಂದ ನನ್ನನ್ನು ಕೂಗುವಾಗ "ಮಮ್ಮಿ" ಅಂದಳು. ಯಾರ ಮನೆಯ ಮಮ್ಮಿಯೋ ಅಂತ ನಾನು ಓಗೊಡಲೇ ಇಲ್ಲ.

ಎರಡನೇ ವರ್ಷ ಅವಳನ್ನು ಕರೆತರಲು ನಾನೇ ಹೋಗಿ, ಬಸ್ಸಿಗೆ ಹೊತ್ತಿದೆಯೆಂದು ಒಂದು ಗಂಟೆ ಅವರ ಜೊತೆ ಟೀವಿ ಮುಂದೆ ಕೂತೆ. ಆ ಒಂದು ಗಂಟೆ ನನಗೆ ಇವತ್ತಿಗೂ ನೆನಪಿದೆ. ಮಗಳು ನಡುವೆ ಕೂತಿದ್ದಳು, ಆದರೆ ಒರಗಿದ್ದು ಅವಳ ಚಿಕ್ಕವ್ವನ ಕಡೆಗೆ. ತೆರೆಯ ಮೇಲೆ ಒಬ್ಬ ದಪ್ಪ ಮನುಷ್ಯ ಹಿಮದಲ್ಲಿ ಜಾರಿ ಬಿದ್ದ, ಏನೋ ಅಂದ. ವಾರಗಿತ್ತಿ ಮಗಳ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು. ಇಬ್ಬರೂ ಕಿಸಕ್ಕೆಂದು ನಕ್ಕರು. ನಾನೂ ನಕ್ಕೆ, ಒಂದು ಗಳಿಗೆ ತಡವಾಗಿ. ಮಗಳು ತಿರುಗಿ ನನ್ನ ಮುಖ ನೋಡಿ, "ನಿಂಗೆ ಗೊತ್ತಾಯ್ತಾ ಅವ್ವ?" ಅಂದಳು. ಪಾಪ, ಕೊಂಕಿನಿಂದ ಕೇಳಿದ್ದಲ್ಲ. ಆದರೂ ಆ ಮನೆಯ ಟೀವಿಯನ್ನು ಎತ್ತಿ ಚರಂಡಿಗೆ ಹಾಕಬೇಕು ಅನ್ನಿಸಿತು.

ಬರೀ ವಾರಗಿತ್ತಿಯ ಮೇಲಿನ ಸಿಟ್ಟಾಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ನನಗೆ ಆ ತೆರೆಯ ಮೇಲಿನ ಹೆಂಗಸರ ಮೇಲೂ ಹೊಟ್ಟೆಕಿಚ್ಚು. ಅವರ ಬೆರಳುಗಳ ಮೇಲೆ, ಅವರ ಪುರುಸೊತ್ತಿನ ಮೇಲೆ. ಸೊಪ್ಪು ಕುಯ್ಯುವಾಗ, ಬಗ್ಗಿ ಹಿಕ್ಕೆ ಬಳಿಯುವಾಗ, ಅವರೇ ಕಣ್ಣ ಮುಂದೆ ಬಂದು ಮಗುವಿಗೆ ಸ್ವೆಟರ್ ತೊಡಿಸುತ್ತಿದ್ದರು.

ಮೂರನೇ ವರ್ಷ ಕಳಿಸುವುದಿಲ್ಲ ಅಂದೆ. ಮಗಳಿಗೆ ಆಗ ಎಂಟು ವರ್ಷ. ಮುಖ ಊದಿಸಿಕೊಂಡು ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟಳು. ಕೊನೆಗೆ ನನ್ನ ಗಂಡ, "ಓಗ್ಲಿ ಬುಡೇ, ಇಲ್ಲೇನ್ ಹುಳ ಎಣ್ಸ್‌ಕಂಡ್ ಕೂತ್ಕತದಾ?" ಎಂದು ಬಸ್ಸು ಹತ್ತಿಸಿ ಕರೆದುಕೊಂಡು ಹೋದ. ಐದು ದಿನ ಕಳೆಯಿತು. ಐದನೇ ದಿನ ಪಕ್ಕದ ಮನೆಯ ಫೋನಿಗೆ ಕರೆ ಬಂತು. ಮಗಳು. "ಅವ್ವ, ಇನ್ನೂ ನಾಕ್ ದಿನ ಇರ್ತೀನಿ. ದಿನಾ ಮಧ್ಯಾಹ್ನ ಹೊಸಾ ಸಿನ್ಮಾ ಬತ್ತದೆ" ಅಂದವಳು ನನ್ನ ಮಾತಿಗೂ ಕಾಯದೆ ಇಟ್ಟುಬಿಟ್ಟಳು. ಹಿಂದೆ ಟೀವಿಯ ಗಂಟೆ ಸದ್ದು ಕೇಳಿಸುತ್ತಿತ್ತು.

ಅವತ್ತು ಹುಳು ನಾಲ್ಕನೇ ಜ್ವರ ಬಿಟ್ಟು ಮೂರನೇ ದಿನ. ಮಾರನೆಯ ಬೆಳಿಗ್ಗೆ ಮೊದಲ ಸೊಪ್ಪು ಹಾಕಿ, ವಾಸನೆ ಹೋಗಲೆಂದು ತಲೆಗೆ ಸ್ನಾನ ಮಾಡಿ, ಒಳ್ಳೆ ಸೀರೆ ಉಟ್ಟು ಬಾಗಿಲಿಗೆ ಬಂದೆ. ನಮ್ಮತ್ತೆ ಸೊಪ್ಪಿನ ಹೊರೆ ಕೆಳಗಿಟ್ಟು, "ಯಾರಾರ ಸತ್ರಾ?" ಅಂದರು. "ಮಗೀನ್ ಕರ್ಕಂಡ್ ಬತ್ತೀನಿ" ಅಂದೆ. "ಈ ದಿನದಾಗಾ?" ಅಂತ ಅವರು ಕೂಗುತ್ತಿದ್ದಂತೆ ನಾನು ಅವರೆಕಾಯಿ ಚೀಲ ಎತ್ತಿಕೊಂಡು ಹೊರಟುಬಿಟ್ಟೆ. ನಮ್ಮ ಬೀದಿಯಲ್ಲಿ ಹಸಿದ ಹುಳು ಬಿಟ್ಟು ಹೋದ ಹೆಂಗಸು ನಾನೊಬ್ಬಳೇ ಇರಬೇಕು.

ಚನ್ನಪಟ್ಟಣದಲ್ಲಿ ಬೆಂಗಳೂರು ಬಸ್ ಹತ್ತಿ ಬೈರಮಂಗಲ ಕ್ರಾಸಿನಲ್ಲಿ ಇಳಿದಾಗ ಮಧ್ಯಾಹ್ನ. ಫ್ಯಾಕ್ಟರಿಯ ಬಸ್ಸುಗಳು ಸಾಲಾಗಿ ಧೂಳೆಬ್ಬಿಸಿಕೊಂಡು ಹೋಗುತ್ತಿದ್ದವು. ವಾರಗಿತ್ತಿಯ ಮನೆಯ ಬಾಗಿಲು ತೆರೆದಿತ್ತು, ಪರದೆ ಇಳಿಬಿಟ್ಟಿತ್ತು. ಒಳಗೆ ಟೀವಿ. ಚಪ್ಪಲಿ ಬಿಟ್ಟು ಪರದೆ ಸರಿಸಬೇಕು ಅನ್ನುವಷ್ಟರಲ್ಲಿ ಅವಳ ದನಿ ಕೇಳಿ ಅಲ್ಲೇ ನಿಂತೆ. ನನ್ನ ಮಗಳ ತಲೆಗೆ ಏನು ತುಂಬುತ್ತಾಳೋ ಕೇಳೋಣ ಅಂತ, ಕಳ್ಳಿಯ ಹಾಗೆ ನಿಂತೆ.

"ನೋಡು, ಆ ಮಗ ಕಿಟಕಿ ತಾವ ಕೂತ್ಕಂಡು ದಾರಿ ನೋಡ್ತಾ ಐತೆ. ಅವ್ರವ್ವ ಇನ್ನೂ ಬಂದಿಲ್ಲ."

"ಯಾಕ್ ಬಂದಿಲ್ಲ?" ಇದು ನನ್ನ ಮಗಳು.

"ಎಂಗ್ ಬಂದಾಳು? ಹುಳ ನಾಲ್ಕನೇ ಜ್ವರ ಬುಟ್ಟೈತೆ. ಸೊಪ್ಪು ಕುಯ್ಬೇಕು, ತರ್ಬೇಕು, ಹಾಕ್ಬೇಕು. ಅವ್ಳು ಒಂದ್ ಗಳ್ಗೆ ಕೂತ್ರೆ ಹುಳ ಒಣಗೋಯ್ತವೆ. ಆದ್ರೆ ಮನ್ಸೆಲ್ಲ ಮಗೀನ ಮ್ಯಾಲೇ ಐತೆ."

"ಆಮೇಲೆ?"

"ಆಮೇಲೇನು, ಹುಳ ಹಣ್ಣಾಗಿ ಗೂಡು ಕಟ್ಟಕ್ ಸುರು ಮಾಡಿದ ತಕ್ಷಣ ಕೈ ತೊಳ್ಕಂಡು ಮೊದಲ್ನೇ ಬಸ್ಸಿಗೆ ಬತ್ತಳೆ."

"ರೈಲು ಚಿಕ್ಕವ್ವ. ನೋಡು, ಅಲ್ಲಿ ರೈಲ್ ಬತ್ತಾ ಐತೆ."

"ಊಂ ಕಣ್ ಮಗ, ರೈಲಿಗೆ. ಅಕಾ, ಇಳುದ್ಳು ನೋಡು ಕೆಂಪು ಕೋಟು ಹಾಕ್ಕಂಡು."

ಹಿಮ ಬೀಳುವ ದೇಶದಲ್ಲಿ ಹಿಪ್ಪುನೇರಳೆ ಎಲ್ಲಿಂದ ಬರಬೇಕು? ನನ್ನನ್ನು ಆಡಿಕೊಳ್ಳುತ್ತಿದ್ದಾರೆ ಅನ್ನಿಸಿತು. ಪರದೆ ಕಿತ್ತು ಬರುವ ಹಾಗೆ ಸರಿಸಿ ಒಳಗೆ ಹೋದೆ. ಇಬ್ಬರೂ ಚಾಪೆಯ ಮೇಲೆ ಒಂದೇ ಶಾಲು ಹೊದ್ದು ಕೂತಿದ್ದರು. ಮಗಳು "ಅವ್ವಾ!" ಎಂದು ಎದ್ದು ಬಂದು ಸೀರೆ ಹಿಡಿದುಕೊಂಡಳು. "ಚೀಲ ತಕ್ಕೋ, ಓಗವ" ಅಂದೆ. ಅವಳ ಕಣ್ಣು ಟೀವಿಯ ಕಡೆ ಹೋಯಿತು. ಅಲ್ಲಿ ಕೆಂಪು ಕೋಟಿನವಳು ಇನ್ನೂ ಹಿಮದಲ್ಲಿ ನಡೆದು ಬರುತ್ತಿದ್ದಳು, ಮನೆ ತಲುಪಿರಲಿಲ್ಲ.

ವಾರಗಿತ್ತಿ ಗಡಿಬಿಡಿಯಿಂದ ನನ್ನನ್ನು ಅಡಿಗೆಮನೆಗೆ ಕರೆದಳು. "ಊಟ ಮಾಡ್ಕಂಡ್ ಓಗಿ ಅಕ್ಕ" ಅಂದಳು. ನಾನು ಅವರೆಕಾಯಿ ಚೀಲ ನೆಲಕ್ಕೆ ಕುಕ್ಕಿ, "ಅದೇನದು, ಅವ್ರ ಮನೇಲೂ ಹುಳ ಸಾಕ್ತರಾ?" ಅಂದೆ. ಅವಳ ಮುಖ ಕೆಂಪಾಯಿತು. ದನಿ ತಗ್ಗಿಸಿದಳು.

"ಕೇಳುಸ್ಕಂಡ್ರಾ? ಅಕ್ಕ, ಮಗೀಗ್ ಯೋಳ್ಬೇಡಿ. ನಂಗೆಲ್ ಬತ್ತದೆ ಆ ಇಂಗ್ಲಿಷು? ಅವ್ರು ಬುಸುಬುಸು ಅಂತ ಮಾತಾಡ್ತರೆ, ಒಂದಕ್ಷರಾನೂ ಗೊತ್ತಾಗಕಿಲ್ಲ. ಬಾಯಿಗ್ ಬಂದದ್ ಯೋಳ್ತೀನಿ."

ಹಾಲು ಕುಡಿದಷ್ಟು ಸಂತೋಷವಾಯಿತು. ಪಿಯುಸಿ ಪಾಸಾದವಳಿಗೂ ಬರುವುದಿಲ್ಲ! ನನಗಿಂತ ಒಂದು ಕೂದಲೆಳೆಯಷ್ಟೂ ಹೆಚ್ಚಿಲ್ಲ! ಊಟ ಬೇಡವೆಂದು ಮಗಳ ಕೈ ಹಿಡಿದು ಹೊರಟೆ. ಬಸ್ಸಿನಲ್ಲಿ ಸೀಟು ಸಿಕ್ಕಿತು. ಮಗಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಬಿಡದಿ ದಾಟುವವರೆಗೂ ಬಾಯಿ ಹಿಡಿದುಕೊಂಡಿದ್ದೆ, ಆಮೇಲೆ ಆಗಲಿಲ್ಲ.

"ನಿಮ್ ಚಿಕ್ಕವ್ವಂಗೆ ಇಂಗ್ಲಿಷೇ ಬರಕಿಲ್ಲ, ಗೊತ್ತಾ? ಅವ್ಳು ಯೋಳೋ ಕತೆಯೆಲ್ಲ ಸುಳ್ಳು."

"ನಂಗೊತ್ತು" ಅಂದಳು ಮಗಳು, ತಿರುಗದೆ.

"ಏನ್ ಗೊತ್ತು?"

"ನಮ್ ಸ್ಕೂಲಾಗೆ ಇಂಗ್ಲಿಷಲ್ಲೇ ಅಲ್ವಾ ಮಾತಾಡೋದು. ನಂಗ್ ಒಸಿ ಒಸಿ ಗೊತ್ತಾಯ್ತದೆ. ಆ ಸಿನ್ಮಾದಾಗೆ ಅವ್ವನೇ ಇಲ್ಲ. ಸತ್ತೋಗೈತೆ. ಕೆಂಪು ಕೋಟು ಹಾಕ್ಕಂಡು ರೈಲಾಗೆ ಬತ್ತದಲ್ಲ, ಅದು ಆ ಮಗೀನ ಚಿಕ್ಕವ್ವ."

ಅವಳೇ ಮುಂದುವರಿಸಿದಳು. "ನಾನೇ ಯೋಳಿದ್ದು ಚಿಕ್ಕವ್ವಂಗೆ. ಎಲ್ಲಾ ಸಿನ್ಮಾಕ್ಕೂ ನಮ್ಮವ್ವನ್ನ ಸೇರ್ಸು ಅಂತ. ಸೇರುಸ್ಲಿಲ್ಲ ಅಂದ್ರೆ ನಂಗೆ ಅಲ್ಲಿ ಅಳು ಬತ್ತದೆ."

ಕಂಡಕ್ಟರ್ ಬಂದು ಟಿಕೆಟ್ ಕೇಳಿದ. ಚನ್ನಪಟ್ಟಣಕ್ಕೆ ಒಂದೂವರೆ ಅಂದೆ. ಎರಡನೇ ಸಲ ಹೇಳಬೇಕಾಯಿತು.

ಮೂರು ವರ್ಷ ನಾನು ಯಾರ ಮೇಲೆ ಹೊಟ್ಟೆ ಉರಿದುಕೊಂಡೆನೋ, ಆ ಹೆಂಗಸರೆಲ್ಲ ಆ ಚಾಪೆಯ ಮೇಲೆ ನಾನೇ ಆಗಿದ್ದೆ. ಕಿಟಕಿಯ ಹತ್ತಿರ ಕೂತವಳು ನಾನು, ರೈಲಿಳಿದವಳು ನಾನು. ಇಷ್ಟು ತಿಳಿದ ಮೇಲೆ ಉರಿ ಆರಬೇಕಿತ್ತು. ನನ್ನ ಬುದ್ಧಿಯೇ ಹಾಗೆ, ಆರಲಿಲ್ಲ. ಈಗ ಆ ಕೆಂಪು ಕೋಟಿನವಳ ಮೇಲೇ ಹೊಟ್ಟೆಕಿಚ್ಚು ಶುರುವಾಯಿತು. ನನ್ನ ಹೆಸರು ಹೊತ್ತುಕೊಂಡು ನನಗಿಂತ ಚೆನ್ನಾಗಿ ನಡೆದುಕೊಂಡಿದ್ದಳಲ್ಲ.

"ಅವ್ವ ಬಂದ್ಮೇಲೆ ಏನಾಯ್ತದೆ, ಕತೇಲಿ?" ಎಂದು ಕೇಳಿದೆ.

"ಏನೂ ಇಲ್ಲ. ಕೋಟು ಬಿಚ್ಚಾಕಿ ಅವ್ರ ಜೊತೇಲೇ ಕೂತ್ಕತದೆ." ಕಿಟಕಿಯ ಸರಳು ಹಿಡಿದುಕೊಂಡು, "ಯಾರ್ನೂ ಕರ್ಕಂಡ್ ಓಗಕಿಲ್ಲ" ಅಂದಳು.

ರಾಮನಗರದ ಸ್ಟ್ಯಾಂಡಿನಲ್ಲಿ ಬಸ್ ನಿಂತಾಗ ನಾನು ಎದ್ದೆ. ಕಂಡಕ್ಟರ್, "ಚನ್ನಪಟ್ಟಣ ಇನ್ನೂ ಮುಂದೈತೆ ಕಣಮ್ಮೋ" ಎಂದು ಕೂಗಿದ. ಇಳಿದೆವು. ಅಂಗಡಿಯೊಂದರ ಮುಂದಿನ ಕಾಯಿನ್ ಬಾಕ್ಸಿನಿಂದ ಊರಲ್ಲಿ ಪಕ್ಕದ ಮನೆಗೆ ಫೋನ್ ಮಾಡಿ, ಬರುವುದು ನಾಳೆ ಎಂದು ನಮ್ಮತ್ತೆಗೆ ಹೇಳಿಸಿದೆ. ಅವರು ಬೈದದ್ದು ಇಲ್ಲಿಗೂ ಕೇಳಿಸಿತು. ಬೈಯಲಿ, ಅವರ ಕೈಯ ಸೊಪ್ಪೂ ಸೊಪ್ಪೇ. ರಸ್ತೆ ದಾಟಿ ಬೆಂಗಳೂರು ಕಡೆಯ ಬಸ್ ಹತ್ತಿದೆವು. ಮಗಳು ನನ್ನ ಕೈಯನ್ನು ಬಿಡಲಿಲ್ಲ.

ಬಾಗಿಲು ತೆರೆದ ವಾರಗಿತ್ತಿ ಗಾಬರಿಯಾದಳು. ಅವಳ ಹಿಂದೆ ಟೀವಿಯಲ್ಲಿ ಬೇರೆ ಯಾವುದೋ ಮನೆ, ಬೇರೆ ಮರ, ಅದೇ ಹಿಮ.

"ಯಾಕಕ್ಕ? ಏನಾರ ಮರ್ತ್ ಓಗಿದ್ರಾ?"

"ಊಂ ಕಣೆ" ಅಂದೆ. "ಕೂತ್ಕಳದ್ನ."

ಅವಳು ಶಾಲು ಎತ್ತಿ ಚಾಪೆಯ ಮೇಲೆ ಜಾಗ ಬಿಟ್ಟಳು.