ತಟ್ಟೆ ಹಿಡಿದವಳಿಗೊಂದು ಎಡೆ

ಅಮೆರಿಕದ ಮೆಟುಚೆನ್ ಊರಿನ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ನಾನು ಫೋಟೊ, ಚಿತ್ರಗಳಿಗೆ ಕಟ್ಟು ಹಾಕಿಕೊಡುತ್ತೇನೆ. ಗೃಹಪ್ರವೇಶಕ್ಕೆ ಲಕ್ಷ್ಮಿ, ಮದುವೆ ವಾರ್ಷಿಕೋತ್ಸವಕ್ಕೆ ದಂಪತಿ, ತೀರಿಕೊಂಡ ಮಾವನವರು. ನನ್ನ ಗಿರಾಕಿಗಳೆಲ್ಲ ಹೆಚ್ಚುಕಮ್ಮಿ ನಮ್ಮವರೇ. ಹೀಗಿರುವಾಗ ಒಂದು ಸೆಪ್ಟೆಂಬರಿನಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು, ಎತ್ತರದ ಕಪ್ಪು ಮಹಿಳೆ, ಹಳೆಯ ವರ್ಣಚಿತ್ರವೊಂದರ ಪ್ರತಿಯನ್ನು ಸುರುಳಿ ಸುತ್ತಿಕೊಂಡು ಬಂದರು.

ಚಿತ್ರದ ನಡುವೆ ಹಿಂದಿನ ಕಾಲದ ಜಮೀನುದಾರರ ಕುಟುಂಬ. ಬಲ ಅಂಚಿನಲ್ಲಿ, ಪರದೆಯ ನೆರಳಿನಲ್ಲಿ, ಪೀಚ್ ಹಣ್ಣಿನ ತಟ್ಟೆ ಹಿಡಿದು ನಿಂತ ಒಬ್ಬ ಕಪ್ಪು ಹೆಂಗಸು. ಆ ಮನೆಯವರು ಕೊಂಡು ತಂದ ಗುಲಾಮಳು.

"ಇವಳು ನಮ್ಮ ಅಜ್ಜಿಯ ಅಜ್ಜಿಗೂ ಹಿಂದಿನವಳು ಅಂತ ನಮ್ಮ ಮನೆಯಲ್ಲಿ ಹೇಳಿಕೊಂಡು ಬಂದಿದ್ದಾರೆ. ಉಳಿದವರು ಯಾರೂ ಬೇಡ. ಇವಳ ಮುಖ ದೊಡ್ಡದಾಗಿ ಕಾಣುವ ಹಾಗೆ ಮಾಡಿಕೊಡಿ," ಎಂದರು.

ಸ್ಕ್ಯಾನ್ ಮಾಡಿ ಹಿಗ್ಗಿಸಿ ನೋಡಿದೆ. ಮೈಯೆಲ್ಲ ಉರಿದುಹೋಯಿತು. ಒಡತಿಯ ತೋಳಿನ ಲೇಸಿನ ಒಂದೊಂದು ಎಳೆಯನ್ನೂ ಬರೆದಿದ್ದಾನೆ ಪುಣ್ಯಾತ್ಮ. ನಾಯಿಯ ಕಣ್ಣಿಗೆ ಹೊಳಪು ಕೊಟ್ಟಿದ್ದಾನೆ, ಪೀಚ್ ಹಣ್ಣಿಗೆ ನವಿರಾದ ರೋಮ ಕೊಟ್ಟಿದ್ದಾನೆ. ತಟ್ಟೆ ಹಿಡಿದವಳ ಮುಖಕ್ಕೆ ಮಾತ್ರ ಕಂದು ಬಣ್ಣ ಬಳಿದು ಕೈತೊಳೆದುಕೊಂಡಿದ್ದಾನೆ. ಕಣ್ಣೆಂದರೆ ಎರಡು ಚುಕ್ಕೆ, ಬಾಯೆಂದರೆ ಒಂದು ಗೆರೆ. ಕೆಳಗೆ ಎಲ್ಲರ ಹೆಸರಿತ್ತು, ನಾಯಿಯದೂ ಇತ್ತು. ಅವಳದಿರಲಿಲ್ಲ.

ಶಿಕ್ಷಕಿಗೆ ಫೋನ್ ಮಾಡಿ ತಿಳಿಸಿದೆ. "ಹಾಗಾದರೆ ಅವಳು ಹೇಗಿದ್ದಳು ಅಂತ ನನಗೆ ಗೊತ್ತಾಗುವುದೇ ಇಲ್ಲ," ಎಂದರು. ಆದಷ್ಟು ಮಾಡೋಣವೆಂದು ಅವಳನ್ನೂ ತಟ್ಟೆಯನ್ನೂ ಮಾತ್ರ ಉಳಿಸಿಕೊಂಡು, ತೇಗದ ಬಣ್ಣದ ಕಟ್ಟು ಹಾಕಿದೆ.

ಅಮ್ಮ ಕಾಫಿ ತಂದವಳು ಅದನ್ನು ನೋಡಿ, "ಯಾರೇ ಇವ್ರು?" ಅಂದಳು.

"ಆ ಟೀಚರ್ ಮನೆ ಹಿರೀಕರು ಕಣಮ್ಮ. ಪಾಪ, ಮುಖಾನೇ ಸರಿಯಾಗಿಲ್ಲ."

"ನಮ್ಮಜ್ಜಿದು ಫೋಟೊ ಎಲ್ಲಿತ್ತು? ಕಳಶ ಇಟ್ಟು ಎಡೆ ಹಾಕ್ತಿರ್ಲಿಲ್ವಾ?" ಎಂದು ಹೊರಟುಹೋದಳು.

ಶಿಕ್ಷಕಿ ಚಿತ್ರ ಒಯ್ಯಲು ಬಂದದ್ದು ಮಹಾಲಯ ಅಮಾವಾಸ್ಯೆಯ ದಿನ. ಬೇಸ್‌ಮೆಂಟಿನಲ್ಲಿ ಚಿತ್ರ ಇರಲಿಲ್ಲ. ಗಾಬರಿಯಿಂದ ಮೇಲೆ ಬಂದೆ, ಅವರೂ ಹಿಂದೆಯೇ ಬಂದರು. ಹಾಲ್‌ನಲ್ಲಿ ಅಪ್ಪನ ಫೋಟೊ ಪಕ್ಕದಲ್ಲಿ ಅದು ನಿಂತಿತ್ತು. ಗಾಜಿನ ಮೇಲೆ ಕುಂಕುಮ, ಸೇವಂತಿಗೆ ಹೂವು. ಮುಂದೆ ಬಾಳೆ ಎಲೆಯಲ್ಲಿ ಅನ್ನ, ವಡೆ, ಪಾಯಸ.

"ಅಮ್ಮಾ, ಇದು ಕಸ್ಟಮರ್‌ದು! ಅವ್ರು ಚರ್ಚಿಗೆ ಹೋಗೋರು!"

"ಹಬ್ಬದ ದಿನ ಮನೇಲಿರೋ ಹಿರೀಕರನ್ನ ಉಪವಾಸ ಕೂರ್ಸಕ್ಕಾಗತ್ತೇನೇ?"

ನಾನು ನಾಚಿಕೆಯಿಂದ ಕುಗ್ಗಿ, ತೀರಿಹೋದ ಹಿರಿಯರಿಗೆ ವರ್ಷಕ್ಕೊಮ್ಮೆ ಹೀಗೆ ಬಡಿಸುತ್ತೇವೆ ಎಂದು ಅವರಿಗೆ ಇಂಗ್ಲಿಷಿನಲ್ಲಿ ವಿವರಿಸಿದೆ. ಕುಂಕುಮ ಒರೆಸಲು ಬಗ್ಗಿದ ನನ್ನ ಕೈಯನ್ನು ಅವರು ಹಿಡಿದರು. "ಇರಲಿ ಬಿಡಿ," ಎಂದರು.

"ಅವ್ರ ಹಿರೀಕರಿಗೇನಿಷ್ಟ ಅಂತ ಕೇಳೇ. ಗೊತ್ತಿಲ್ದೆ ಪಾಯಸ ಇಟ್ಬಿಟ್ಟೆ," ಅಂದಳು ಅಮ್ಮ.

ಕೇಳಿದೆ. ಶಿಕ್ಷಕಿ ಚಿತ್ರವನ್ನೇ ನೋಡುತ್ತ, "ಯಾರಿಗೂ ಗೊತ್ತಿಲ್ಲ. ಆ ಹಣ್ಣಿನಲ್ಲಿ ಒಂದನ್ನಾದರೂ ಅವಳಿಗೆ ತಿನ್ನಲು ಬಿಟ್ಟಿದ್ದರೋ ಇಲ್ಲವೋ," ಎಂದರು.

ಅದನ್ನು ಅಮ್ಮನಿಗೆ ಹೇಳಿದೆ. ಅವಳು ಅಡುಗೆಮನೆಗೆ ಹೋದಳು. ಒಂದು ಪೀಚ್ ತೊಳೆದು, ಸೆರಗಿನಿಂದ ಒರೆಸಿ ತಂದು, ಎಲೆಯ ತುದಿಗಿಟ್ಟಳು.

"ತಟ್ಟೆ ಕೆಳಗಿಡವ್ವ," ಎಂದಳು ಚಿತ್ರಕ್ಕೆ. "ಕೂತ್ಕೊಂಡು ತಿನ್ನು."