ಕೌದಿಯ ನಾಲ್ಕನೇ ಮೂಲೆ

ಇಬ್ರಾಹಿಂಪುರದಲ್ಲಿ ನಮ್ಮ ಪಕ್ಕದ ಮನೆಯ ಚಾಚಿ ಹಳೆ ಬಟ್ಟೆಯ ತುಂಡುಗಳನ್ನು ಜೋಡಿಸಿ ಹೊದೆಯುವ ಕೌದಿ ಹೊಲಿಯುತ್ತಿದ್ದರು. ಅಂಚಿನಿಂದ ಹೊಲಿಗೆ ಹಿಡಿದು, ಕೌದಿಯ ಸುತ್ತ ಸರಿಯುತ್ತ ಸರಿಯುತ್ತ ನಡುವಿಗೆ ಬರುತ್ತಿದ್ದರು. ಯಾವ ತುಂಡು ಎಲ್ಲಿ ಹಚ್ಚಬೇಕೆಂದು ಹೊಳೆಯದಿದ್ದರೆ ಎದ್ದು ಎದುರು ಬದಿಗೆ ಹೋಗಿ ಕೂಡುವರು. ‘ಕುಂತಲ್ಲೇ ಕುಂತ್ರ ಹ್ಯಾಂಗ ತಿಳೀತೈತಿ?’ ಎನ್ನುವರು.

ಎಪ್ಪತ್ತೈದನೇ ಇಸವಿಯ ಸುಮಾರಿಗೆ, ಮಗಳನ್ನು ಕಾಲೇಜಿಗೆ ಕಳಿಸುವುದಿಲ್ಲವೆಂದು ನಾನು ಹಟ ಹಿಡಿದಿದ್ದೆ. ಅವಳು ಅಳುತ್ತ ಚಾಚಿಯ ಮನೆಗೆ ಹೋದಳು; ಬೆನ್ನಿಗೇ ನಾನೂ ಹೋದೆ. ಚಾಚಿ ಬುದ್ಧಿ ಹೇಳಲಿಲ್ಲ. ನನ್ನ ಕೈಗೆ ಸೂಜಿ ಕೊಟ್ಟು, ‘ಸರಕೋತ ಹೊಲಿ ಬೇ’ ಎಂದರು.

ಎರಡು ಮೂಲೆ ದಾಟುವವರೆಗೂ ‘ಕಳಸಂಗಿಲ್ಲ’ ಅನ್ನುತ್ತಲೇ ಇದ್ದೆ. ಮೂರನೆಯದಕ್ಕೆ ಬಂದಾಗ, ಎದುರು ಬದಿಗೆ ಕೂತ ಮಗಳ ಮುಖ ಕಂಡಿತು. ನಾಲ್ಕನೇ ಮೂಲೆಯಲ್ಲಿ, ‘ಕಾಲೇಜ ಸಂಜಿಕ ಎಷ್ಟಕ್ಕ ಬಿಡತೈತ್ರಿ ಚಾಚಿ?’ ಎಂದು ಕೇಳಿದವಳು ನಾನೇ.

ಚಾಚಿ ತಲೆ ಎತ್ತಲಿಲ್ಲ.

‘ಮಗಳ್ನ ಕೇಳ ಬೇ. ಅಲ್ಲೇ ಕುಂತಾಳ.’